ಬೆನೀತಾ ಅಕ್ಕನ ನೂರಹತ್ತು

ಕೊಚಬಾಂಬಾ, ಸೋಮವಾರ

ಪ್ರೀತಿಯ ಬೆನೀತಾ ಅಕ್ಕ,

ನಾವಿಬ್ಬರೂ ನಡೆಸುವ ಮಧುಮೇಹಿಗಳ ವಾಟ್ಸಾಪ್ ಗುಂಪಿನಲ್ಲಿ ಬರೆದರೆ ಎಲ್ಲರೂ ಓದುತ್ತಾರೆ, ಅದಕ್ಕೇ ಈ ಕಾಗದ. ಬೆಳಿಗ್ಗೆ ಎಲ್ಲರೂ ತಮ್ಮ ಶುಗರ್ ಎಷ್ಟಿದೆಯೆಂದು ಅಲ್ಲಿ ಹಾಕಬೇಕು, ಎಷ್ಟೇ ಇದ್ದರೂ ಯಾರೂ ಬೈಯಬಾರದು ಎಂದು ನಿಯಮ ಮಾಡಿದವರು ನೀವು.

ನಿನ್ನೆ ಪೊಟೋಸಿಯಿಂದ ನಮ್ಮ ಗುಂಪಿನ ರೂಫಿನಾ ಫೋನು ಮಾಡಿದ್ದಳು. "ಅಕ್ಕ ಹೋದ ತಿಂಗಳೇ ಶುಗರ್ ನೋಡೋ ತಮ್ಮ ಮಿಷನ್ನು ನನ್ ಮಗಳಿಗೆ ಕಳ್ಸಿಬಿಟ್ರು. ಅವರ ಹತ್ರ ಇನ್ನೊಂದು ಇದೆಯಂತಲ್ಲ," ಎಂದಳು.

ಇನ್ನೊಂದು ಇಲ್ಲವೆಂದು ನನಗೆ ಗೊತ್ತು. ಆದರೂ ದಿನಾ ಎಲ್ಲರಿಗಿಂತ ಮೊದಲು ನಿಮ್ಮ ನೂರಹತ್ತು ಬರುತ್ತಲೇ ಇದೆ.

ಈ ಕಾಗದದ ಜೊತೆ ನನ್ನ ಮಿಷನ್ನನ್ನು ಬಸ್ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ಇದನ್ನೂ ಯಾರಿಗಾದರೂ ಕೊಟ್ಟುಬಿಡಬೇಡಿ. ಹೊಸದು ಸಿಗುವವರೆಗೆ ನಾನೂ ನೂರಹತ್ತು ಎಂದೇ ಹಾಕುತ್ತಿರುತ್ತೇನೆ. ಬೈಯಬೇಡಿ, ನಿಯಮ ನಿಮ್ಮದೇ.

ನಿಮ್ಮ ತಮ್ಮ,
ಇಲಾರಿಯೋ