ಪೂರ್ತಿ ಗುಳಿಗೆಗೆ ನನ್ನ ಸಹಿ ಇಲ್ಲ

ನಮ್ಮ ಪಟ್ಟಣದ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದ ಮುಖ್ಯಸ್ಥರೇ,

ನನ್ನ ಸೊಸೆ ನಾರೆಯನ್ನು ಅವಳು ಒಲ್ಲೆನೆಂದರೂ ಆಸ್ಪತ್ರೆಗೆ ಸೇರಿಸಿಕೊಂಡು, ಹಳೆಯ ಗುಳಿಗೆಯನ್ನು ಪೂರ್ತಿ ಪ್ರಮಾಣದಲ್ಲಿ ಮತ್ತೆ ಶುರು ಮಾಡಲು ತಾವು ತೀರ್ಮಾನಿಸಿದ್ದೀರಿ. ಮನೆಯವರಿಬ್ಬರ ಒಪ್ಪಿಗೆ ಬೇಕೆಂದು ಕಾಗದ ಕಳಿಸಿದ್ದೀರಿ. ಮಗ ತೇಸಿಕ್ ಹೆದರಿ ಸಹಿ ಹಾಕಿದ್ದಾನೆ. ನನ್ನ ಸಹಿಗೆ ಸೋಮವಾರದವರೆಗೆ ಗಡುವು. ನಾನು ಹಾಕುವುದಿಲ್ಲ. ಕಾರಣ ಹೇಳಲು ತಮ್ಮ ಕೊಠಡಿಗೆ ಬಂದರೆ ನಾಲ್ಕು ನಿಮಿಷಕ್ಕೆ ಮುಂದಿನವರ ಹೆಸರು ಕೂಗುತ್ತಾರೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ; ಇಲ್ಲಿ ಹಾಗೆ ಕೂಗುವವರಿಲ್ಲ.

ಮೊದಲು ನನ್ನ ತಪ್ಪು ಹೇಳುತ್ತೇನೆ. ನಮ್ಮದು ಹಿರಿಯ ಮಗನ ಮನೆ. ಚೂಸೊಕ್ ಸುಗ್ಗಿಹಬ್ಬಕ್ಕೆ ಹಿರಿಯರಿಗೆ ಎಡೆ ಇಡುವುದು ನಮ್ಮಲ್ಲೇ, ಮೂವತ್ತು ಜನ ಸೇರುವುದೂ ನಮ್ಮಲ್ಲೇ. ಆರು ವರ್ಷದ ಹಿಂದೆ ನಾರೆ ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿದ್ದಳು. ಅವಳು ತೂಕಡಿಸುತ್ತ ಎಡೆಯ ಮೀನು ಕರಿಯುವುದನ್ನು ಓರಗಿತ್ತಿಯರು ಕಂಡರೆ ನನ್ನ ಮರ್ಯಾದೆ ಏನಾದೀತು? ಹಬ್ಬಕ್ಕೆ ಹತ್ತು ದಿನವಿರುವಾಗ ಔಷಧದ ಪೊಟ್ಟಣಗಳನ್ನೆಲ್ಲ ಕಿಮ್ಚಿ ಉಪ್ಪಿನಕಾಯಿ ಇಡುವ ಫ್ರಿಜ್ಜಿನ ತಳಕ್ಕೆ ಸೇರಿಸಿದೆ. "ಎಡೆ ಮುಗಿಯೋವರೆಗೂ ಬೇಡ. ಹತ್ತು ದಿನಕ್ಕೆ ಯಾರೂ ಸಾಯಲ್ಲ" ಅಂದೆ. "ಆಯ್ತು ಅತ್ತೆ" ಅಂದಳು. ಹಬ್ಬ ಕಳೆದ ಮೇಲೆ ಹಿಂದಿರುಗಿಸಿದೆ. ಹೊಸ ವರ್ಷದ ಎಡೆಗೂ ಹಾಗೆಯೇ ಮಾಡಿದೆ. ಸೊಸೆ ಎಷ್ಟು ಚುರುಕು ಎಂದು ನೆಂಟರು ಹೊಗಳಿದರು. ನಾನು ಬೀಗಿದೆ.

ಆಮೇಲಿನ ಮೂರು ಸಲ ನಿಲ್ಲಿಸಿದ್ದು ತಾವು. ತಮ್ಮಲ್ಲಿ ಮಾರ್ಚ್ ಬಂದರೆ ವೈದ್ಯರು ಬದಲಾಗುತ್ತಾರೆ. ಒಬ್ಬರು, ಚೆನ್ನಾಗಿದ್ದಾಳಲ್ಲ ಎಂದು ಒಂದೇ ದಿನದಲ್ಲಿ ಔಷಧ ಕಿತ್ತುಹಾಕಿದರು. ಮರುವರ್ಷ ಬಂದವರು ಪೂರ್ತಿ ಪ್ರಮಾಣದಲ್ಲಿ ಕೊಟ್ಟು, ಅದು ಒಗ್ಗದಾಗ ಥಟ್ಟನೆ ನಿಲ್ಲಿಸಿದರು. ಮೂರನೆಯ ಸಲ ಅವಳು ಜ್ವರದಿಂದ ಒಂದು ಭೇಟಿ ತಪ್ಪಿಸಿಕೊಂಡಳು. ಹೊಸದಾಗಿ ಹೆಸರು ಬರೆಸಿ ಬನ್ನಿ ಎಂದು ಏಳು ವಾರ ಕಾಯಿಸಿದಿರಿ. ಕಾದಷ್ಟು ದಿನವೂ ಔಷಧವಿಲ್ಲ. ಕಾದ ಮೇಲೆ ಮತ್ತೆ ಪೂರ್ತಿ ಗುಳಿಗೆ; ಅದನ್ನು ತಾಳಲು ಅವಳಿಂದಾಗಲಿಲ್ಲ.

ಈಗ ಅವಳು ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆಯಂತೆ. ಸ್ಟೀಲ್ ಬಟ್ಟಲಿಗೆ ಚಮಚ ತಾಗಿದರೆ ಕಿವಿ ಮುಚ್ಚಿ ಕುಸಿಯುತ್ತಾಳೆ; ಮನೆಮಂದಿಯೆಲ್ಲ ಮರದ ಚಮಚದಲ್ಲಿ ಉಣ್ಣುತ್ತೇವೆ. ಹಿಂದೆ ನೀರಿನಂತೆ ನುಂಗುತ್ತಿದ್ದ ಗುಳಿಗೆಯ ಕಾಲು ಭಾಗ ಕೊಟ್ಟರೂ ಕಾಲುಗಳು ಉರಿದು, ಕೂರಲಾಗದೆ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಾಳೆ.

ಇದನ್ನು ಹೇಳಿದಾಗ ತಮ್ಮ ವೈದ್ಯರು ಕಂಪ್ಯೂಟರಿನಿಂದ ಮುಖ ಎತ್ತದೆ ಅಂದರು: "ಅಜ್ಜಿ, ಇದೇ ಔಷಧ ಹಿಂದೆ ಒಗ್ಗಿತ್ತಲ್ಲ. ಈಗ ಒಗ್ಗಲ್ಲ ಅಂದ್ರೆ ಕಾಯಿಲೆನೇ ಮರುಕಳಿಸಿದೆ ಅಂತ."

ನಾನು ಹೈಸ್ಕೂಲು ಓದಿದವಳು. ಆದರೂ ಕೇಳುತ್ತೇನೆ. ಸುಟ್ಟ ಕೈಗೆ ಬೆಚ್ಚಗಿನ ನೀರು ಬಿದ್ದರೂ ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲವೇ? ನಿನ್ನೆ ಇದೇ ನೀರಲ್ಲಿ ಮಿಂದಿದ್ದೆಯಲ್ಲ ಎಂದು ಗದರುವವನು ಎಂಥ ವೈದ್ಯ? ಐದು ಸಲ ಔಷಧ ಕಿತ್ತುಕೊಂಡು ಐದು ಸಲ ತುರುಕಿದ ನರಗಳಿಗೆ ನೋವಾಗುವುದು ಹೊಸ ಕಾಯಿಲೆಯೇ?

ಕಾಗದ ಬಂದ ದಿನ ನಾರೆ ಅಳಲಿಲ್ಲ. "ಔಷಧ ಬೇಡ ಅಂತಿಲ್ಲ ಅತ್ತೆ. ಚೂರು ಚೂರಾಗಿ ಕೊಡಿ ಅಂತಿದೀನಿ. ಒಳಗೆ ಹಾಕಿ ಪೂರ್ತಿ ಕೊಟ್ರೆ ನಾನು ಉಳಿಯಲ್ಲ" ಅಂದಳು. ಯಾಕೆ ಇಷ್ಟು ದಿನ ಬಾಯಿಬಿಡಲಿಲ್ಲ ಎಂದು ಗದರಿದೆ.

"ಬಿಟ್ಟಿದ್ರೆ ನೀವು ಕೇಳ್ತಿದ್ರಾ?"

ಮರುದಿನ ಔಷಧದಂಗಡಿಗೆ ಹೋದೆ.

ಮಕ್ಕಳಿಗೆ ಗುಳಿಗೆ ಅರೆದು, ಹೊತ್ತಿಗೊಂದು ಪೊಟ್ಟಣ ಕಟ್ಟಿಕೊಡುವ ಔಷಧದಂಗಡಿಗಳು ಬೀದಿಗೆರಡಿವೆ. ನಾರೆಗೂ ಹಾಗೆ ಕಟ್ಟಿಕೊಡಲು ನಮ್ಮ ಅಂಗಡಿಯಾತ ಸಿದ್ಧನಿದ್ದಾನೆ. ವೈದ್ಯರ ಚೀಟಿ ಬೇಕಂತೆ. ಆ ಚೀಟಿ ಬರೆಯಿರಿ. ಹತ್ತರಲ್ಲೊಂದು ಪಾಲಿನಿಂದ ಶುರುವಾಗಲಿ, ಅವಳು ತಾಳಿದಷ್ಟೇ ಏರಲಿ, ಒಬ್ಬರೇ ವೈದ್ಯರು ನೋಡಲಿ. ಅವಳ ಕಡತದಲ್ಲಿ "ಔಷಧ ನಿರಾಕರಿಸುತ್ತಾಳೆ" ಎಂದು ಬರೆದದ್ದನ್ನು ಹೊಡೆದುಹಾಕಿ, ಐದು ಸಲ ಯಾರು ಯಾಕೆ ನಿಲ್ಲಿಸಿದರು ಎಂಬುದನ್ನು ಬರೆಯಿರಿ. ಮೊದಲೆರಡರ ಮುಂದೆ ನನ್ನ ಹೆಸರು ಹಾಕಿ. ಕಾಗುಣಿತ ತಪ್ಪದಿರಲೆಂದು ಕೆಳಗೆ ಕೊಟ್ಟಿದ್ದೇನೆ. ಉಳಿದ ಮೂರರ ಮುಂದೆ ಯಾರ ಹೆಸರೆಂದು ತಮಗೆ ಗೊತ್ತು.

ಇಂತಿ,
ತಪ್ಪೊಪ್ಪಿಕೊಳ್ಳಲು ಆರು ವರ್ಷ ತೆಗೆದುಕೊಂಡ ಅತ್ತೆ,
ತಕ್ ಬುನಿ