ಅವ್ವನ ಹೊಟ್ಟೆಯ ಸಣ್ಣ ತೂತುಗಳು

ಅಪ್ಪಾ, ರಕ್ತ ಹೋಗುತ್ತಿದ್ದುದನ್ನು ಮೂಲವ್ಯಾಧಿ ಎಂದು ಮುಚ್ಚಿಟ್ಟು ಸತ್ತದ್ದು ನಿನ್ನ ತಪ್ಪು.

“ನಾಚಿಕೆ ಬಿಡಿ, ರಕ್ತ ಹೋದರೆ ತೋರಿಸಿ” ಎಂಬ ಆಸ್ಪತ್ರೆಯ ಕರಪತ್ರವನ್ನು ನಾನು ಬರೆದದ್ದು ನೀನು ಹೋದ ಮೇಲೆ. ಅದನ್ನು ಓದಿ, ತನಗೂ ರಕ್ತ ಹೋಗುತ್ತಿದೆಯೆಂದು ಅವ್ವ ಬಾಯಿಬಿಟ್ಟಳು. ಅವಳ ದೊಡ್ಡ ಕರುಳಿನಲ್ಲಿ ಎರಡು ಕಡೆ ಕ್ಯಾನ್ಸರ್ ಇತ್ತು. ಮೊನ್ನೆ ಹೊಟ್ಟೆ ಸೀಳದೆ, ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ, ಎರಡನ್ನೂ ಒಂದೇ ಸಲ ತೆಗೆದರು. ಕೊರಳಿನ ಲಿಂಗವನ್ನು ಮೈಯಿಂದ ದೂರ ಇಡಲು ಅವ್ವ ಒಪ್ಪಲಿಲ್ಲ. ನರ್ಸ್ ಅದನ್ನು ತೋಳಿಗೆ ಕಟ್ಟಿದಳು. ಆಪರೇಷನ್ನಿನ ವಿಡಿಯೋದಲ್ಲಿ ಅವ್ವನ ಒಳಗೆಲ್ಲ ದೀಪ ಹಚ್ಚಿದ ಗುಹೆಯಂತೆ ಕೆಂಪಗೆ ಹೊಳೆಯುತ್ತಿತ್ತು.

ಮಂಪರಿನಲ್ಲಿ ಅವ್ವ ನಕ್ಕಳು. “ನಿಮ್ಮಪ್ಪ ಬಂದಿದ್ರು ಕಣೇ. ‘ಇಷ್ಟೇನಾ ತೂತು? ನಂಗ್ಯಾಕೆ ಯಾರೂ ಹೇಳ್ಲಿಲ್ಲ?’ ಅಂದ್ರು.”

ನಾನು ಅವಳ ಹೊದಿಕೆ ಸರಿಪಡಿಸಿದೆ.

ಯಗಟಿಯ ನಮ್ಮ ಹೊಲದಲ್ಲಿ ನೀನು ಮಣ್ಣೊಳಗೆ ಕೂತ ಸಮಾಧಿಗೆ, ಆ ತೂತುಗಳನ್ನು ನಿನಗೆ ತೋರಿಸಲು ಅವಳೇ ನಡೆದು ಬರುತ್ತಾಳಂತೆ. ಬರುವ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಏಳಕ್ಕೆ.