ಸಮಾಧಾನಮ್ಮನ ಬೆಂಚಿನಲ್ಲಿ ಬಿಟ್ಟ ಜಾಗ

ಫೆಬ್ರವರಿ ಮೂವತ್ತು, ಕ್ರಿಸ್ತಶಕ 2119
ಹಳೇ ಮಿಷನ್ ಓಣಿ, ಮಲಪ್ರಭೆಯ ದಂಡೆ

ನಾನು ಹುಟ್ಟುವ ಮೊದಲೇ ಯೌವನದಲ್ಲಿದ್ದ ನನ್ನ ಪ್ರಿಯರೇ,

ದಿನಾಂಕ ನೋಡಿ ನಕ್ಕಿರಬಹುದು. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡಿದ್ದೇವೆ. ಫೆಬ್ರವರಿಗೂ ಮೂವತ್ತು ದಿನಗಳ ಭಾಗ್ಯ ಬಂದಿದೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅಪರಿಚಿತವೆನಿಸಿದರೆ ಕ್ಷಮಿಸಿರಿ. ನಿಮ್ಮ ಕಾಲದ ಕನ್ನಡವನ್ನು ಹಿರಿಯರ ಬಾಯಿಂದ ಕೇಳಿ ಕಲಿತವಳು ನಾನು. ಬದುಕಿನ ಬಹುಪಾಲನ್ನು ಸಂಡೇ ಸ್ಕೂಲಿನ ಮಕ್ಕಳ ನಡುವೆ ಕಳೆದದ್ದರಿಂದ ಎಲ್ಲವನ್ನೂ ವಿವರಿಸುವ ಚಟವೂ ಅಂಟಿಕೊಂಡಿದೆ. ಅದನ್ನೂ ಸಹಿಸಿಕೊಳ್ಳಿರಿ.

ನಮ್ಮ ಭಾನುವಾರಗಳು ಸೂರ್ಯ ಏಳುವುದಕ್ಕೆ ಮೊದಲೇ ಆರಂಭವಾಗುತ್ತವೆ. ಬಿಸಿಲೇರಿದ ಮೇಲೆ ಯಾರೂ ಓಣಿಗೆ ಇಳಿಯಲಾರದ ಕಾಲವಿದು. ಆದ್ದರಿಂದ ‘ತಂಪುಹೊತ್ತಿನ ಆರಾಧನೆ’ ಎಂಬುದು ರೂಢಿಯಾಗಿದೆ. ಓಣಿಯುದ್ದಕ್ಕೂ ಮನೆಯಿಂದ ಮನೆಗೆ ಕಟ್ಟಿದ ‘ನೆರಳುಚಪ್ಪರ’ದ ಕೆಳಗೆ ಜನ ಮಾತಾಡುತ್ತ ಬರುತ್ತಾರೆ. ದೇವಾಲಯದ ಬೆಂಚುಗಳು ಈಗ ಮರದವಲ್ಲ, ಹತ್ತಿಕಟ್ಟಿಗೆಯನ್ನು ಒತ್ತಿ ಮಾಡಿದ ಹಲಗೆಯವು, ಕುಳಿತರೆ ಕಿರುಗುಟ್ಟುವುದಿಲ್ಲ. ಹಳೆಯ ತೇಗದ ಬೆಂಚುಗಳ ಕಿರುಗುಟ್ಟುವಿಕೆ, ಹೆಂಗಸರ ಕೈಚೀಲಗಳಿಂದ ಬರುತ್ತಿದ್ದ ಯಾಲಕ್ಕಿಯ ವಾಸನೆ, ಬಾಗಿಲ ಹೊರಗೆ ಅಸ್ತವ್ಯಸ್ತವಾಗಿ ಬಿದ್ದಿರುತ್ತಿದ್ದ ಚಪ್ಪಲಿಗಳು, ಇವೆಲ್ಲ ನನ್ನ ಬಾಲ್ಯದೊಂದಿಗೆ ಹೋದವು. ಈ ವಯಸ್ಸಿನಲ್ಲಿ ಅವು ಬಹಳ ನೆನಪಾಗುತ್ತವೆ.

ಆರಾಧನೆಯ ಮೊದಲು ನಾವು ಒಂದು ಕೆಲಸ ಮಾಡುತ್ತೇವೆ. ಅದನ್ನು ‘ಒತ್ತುಗೆ’ ಎನ್ನುತ್ತೇವೆ. ಪ್ರತಿ ಬೆಂಚಿನವರೂ ಒಬ್ಬರಿಗೊಬ್ಬರು ಒತ್ತಿಕೊಂಡು, ತುದಿಯಲ್ಲಿ ಇನ್ನೊಬ್ಬರಿಗೆ ಜಾಗ ಮಾಡುತ್ತಾರೆ. ಆ ಜಾಗ ಯಾರದೆಂದು ಯಾರೂ ಕೇಳುವುದಿಲ್ಲ. ಹಿಂದೆ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಕೂರುತ್ತಿದ್ದರೆಂದು ಹೇಳಿದರೆ ನನ್ನ ಮಕ್ಕಳು ನಂಬುವುದಿಲ್ಲ. ಕಳೆದ ವಾರ ಒಬ್ಬಳು ಎದ್ದುನಿಂತು, “ಟೀಚರ್, ಹಂಗಾದ್ರ ನಮ್ಮ ಶಾರೋನಕ್ಕ, ಆಕಿ ಹೆಂಡತಿ ಒಂದ ಕಡೆ ಕುಂತು ಮಜಾ ಮಾಡ್ತಿದ್ರು, ಪಾಪ ನಮ್ಮ ಅಪ್ಪ-ಅವ್ವ ಬ್ಯಾರೆ ಬ್ಯಾರೆ!” ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ನಂತರ ಅವರಿಗೆ ಕೃಪಾವತಿ ಅಕ್ಕನ ಕಥೆ ಹೇಳಿದೆ. ನಿಮಗೂ ಹೇಳಬೇಕೆಂದು ಈ ಕಾಗದ.

ಕೃಪಾವತಿ ಅಕ್ಕ ನನಗೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವರು. ಅವರು ನಮ್ಮ ಸಭೆಯಲ್ಲಿಯೇ ಗಂಡುಮಗುವೆಂದು ದೀಕ್ಷಾಸ್ನಾನ ಪಡೆದವರು. ತಾನು ಹೆಣ್ಣೆಂದು ಅರಿತು, ಹಾಗೆಂದು ಹೇಳಿಕೊಳ್ಳಲಾರದೆ, ಎಳೆಯ ಪ್ರಾಯದಲ್ಲಿ ಊರು ಬಿಟ್ಟಿದ್ದರು. ತಾಯಿ ಸಮಾಧಾನಮ್ಮನವರಿಗೆ ಕಾಯಿಲೆ ಬಂದಾಗ ಸೀರೆಯುಟ್ಟು ಮರಳಿದರು. ತಾಯಿ ಬೇಡಿದ್ದು ಒಂದೇ: ತನ್ನ ಮಗಳು ತನ್ನ ಪಕ್ಕದಲ್ಲಿ ಕುಳಿತು, ತನ್ನೊಂದಿಗೆ ವೇದಿಕೆಯ ಮುಂದೆ ಹೋಗಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬೇಕು.

ಸಭಾಹಿರಿಯರು ಕೆಟ್ಟವರಲ್ಲ. ಬಾಗಿಲು ಮುಚ್ಚಬಾರದೆಂದು ಅವರೆಲ್ಲ ಒಪ್ಪಿದರು. ಆದರೆ ಬಲಕ್ಕೋ ಎಡಕ್ಕೋ ಎಂಬಲ್ಲಿ ಮಾತು ನಿಂತುಹೋಯಿತು. ಕೊನೆಗೆ ಯಾರಿಗೂ ನೋವಾಗಬಾರದೆಂದು, ನಡುದಾರಿಯ ತುದಿಯಲ್ಲಿ, ವೇದಿಕೆಯ ಎದುರಿಗೆ, ಹೊಸದೊಂದು ಬೆಂಚು ಹಾಕಿಸಿದರು. ಮೇಲೆ ಬಿಳಿ ಬಟ್ಟೆ ಹಾಸಿ, ಸೇವಂತಿಗೆಯ ಹೂವಿಟ್ಟರು. ಅತಿಥಿಗೆ ಮಾಡುವ ಗೌರವವೆಂದೇ ತಿಳಿದು ಮಾಡಿದರು. ಆ ಭಾನುವಾರ ಕೃಪಾವತಿ ಅಕ್ಕ ಇಡೀ ಸಭೆಗೆ ಬೆನ್ನುಮಾಡಿ, ಒಬ್ಬರೇ ಕುಳಿತರು. ಭೋಜನದ ಹೊತ್ತಿಗೆ ರೂಢಿಯಂತೆ ಮೊದಲು ಗಂಡಸರನ್ನು ಕರೆದರು, ಆಮೇಲೆ ಹೆಂಗಸರನ್ನು. ಅವರೆಲ್ಲ ಹೋಗಿ ಬಂದು ಕುಳಿತ ಮೇಲೆ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಬಹಳ ಪ್ರೀತಿಯಿಂದ ಮೂರನೆಯ ಕರೆ ಕೊಟ್ಟರು: “ಈಗ ವಿಶೇಷ ಆಸನದವರು ಬರಬೇಕು.”

ಅವರು ಎದ್ದರು. ಮುಂದಕ್ಕೆ ಹೋಗಲಿಲ್ಲ, ತಿರುಗಿ ನಡುದಾರಿಯಲ್ಲಿ ನಡೆದು ಹೊರಗೆ ಹೋದರು.

ಮತ್ತೆ ಬಹಳ ಕಾಲ ಬರಲಿಲ್ಲ. ಸಭೆ ಅವರಿಗಾಗಿ ಪ್ರಾರ್ಥಿಸಿತು, ಹೂವನ್ನು ಬದಲಿಸಿತು, ಬೆಂಚನ್ನು ಒರೆಸಿತು. ಮನೆಗೆ ಯಾರೂ ಹೋಗಲಿಲ್ಲ. ಅವರಿಗೆ ಮುಜುಗರವಾದೀತೆಂದು ಎಲ್ಲರೂ ಎಣಿಸಿದರು. ಸಮಾಧಾನಮ್ಮನವರು ಮಾತ್ರ ಪ್ರತಿ ವಾರ ಗೋಡೆ ಹಿಡಿದುಕೊಂಡು ಬಂದು, ತಮ್ಮ ಪಕ್ಕದಲ್ಲಿ ಚೀಲವಿಟ್ಟು ಜಾಗ ಹಿಡಿಯುತ್ತಿದ್ದರು. ಮಳೆಗಾಲ ಹಾಗೆಯೇ ಮುಗಿಯಿತು.

ಸಮಾಧಾನಮ್ಮನವರ ಬೆಂಚಿನಲ್ಲಿಯೇ ಎಸ್ತೇರಬಾಯಿ ಎಂಬವರು ಕೂರುತ್ತಿದ್ದರು, ಜಗಳಗಂಟಿಯೆಂದು ಹೆಸರಾದವರು. ಒಂದು ದಿನ ಅವರು ನೇರವಾಗಿ ಮನೆಗೆ ಹೋಗಿ ಹೊಸ್ತಿಲಲ್ಲಿ ನಿಂತು ಕೂಗಿದರಂತೆ:

“ಏನವ್ವಾ ಕೃಪಾ, ನಿಮ್ಮವ್ವ ನಿನಗಂತ ಜಾಗಾ ಹಿಡದು ಕುಂದರತಾಳ. ನಾ ಬೆಂಚಿನ ತುದೀಗೆ ಜೋತು ಬಿದ್ದೀನಿ. ಬರತಿಯೋ ಇಲ್ಲೋ, ಹೇಳಿಬಿಡು.”

“ನಾ ಬಂದು ಕುಂತ್ರ ನೀವು ಎದ್ದು ಹೋಗ್ತೀರೇನ್ರಿ, ಕಾಕು?”

“ಎದ್ದು ಹೋಗಾಕ ಮೊಣಕಾಲು ಎಲ್ಲದಾವ ನನಗ? ಒತ್ತಿಕೊಂಡು ಕುಂದರತೀನಿ. ಸೆರಗ ಹೊತಗೊಂಡು ಬಾ, ಹೊತ್ತಾತು.”

ಆ ವಾರ ಕೃಪಾವತಿ ಅಕ್ಕ ತಾಯಿಯ ಪಕ್ಕದಲ್ಲಿ ಕುಳಿತರು. ಎಸ್ತೇರಬಾಯಿ ಒತ್ತಿದ ರಭಸಕ್ಕೆ ಆಚೆ ತುದಿಯವರು ಬೀಳುವಂತಾದರಂತೆ! ಹಿಂದಿನ ಸಾಲಿನ ಒಂದಿಬ್ಬರು ಎದ್ದು ಹೋದದ್ದೂ ಉಂಟು. ಅವರಲ್ಲಿ ಒಬ್ಬರು ಮತ್ತೆಂದೂ ಬರಲಿಲ್ಲ. ಭೋಜನದ ಹೊತ್ತಿಗೆ ಅಯ್ಯನವರು ಗಂಡಸರೆನ್ನಲಿಲ್ಲ, ಹೆಂಗಸರೆನ್ನಲಿಲ್ಲ. “ಬನ್ನಿರಿ” ಎಂದಷ್ಟೇ ಅಂದರು. ತಾಯಿಮಗಳು ಕೈಹಿಡಿದು ಮುಂದೆ ಹೋದರು. ಕ್ರಿಸ್‌ಮಸ್ ಬರುವ ಹೊತ್ತಿಗೆ ಸಮಾಧಾನಮ್ಮನವರು ಕರ್ತನಲ್ಲಿ ಚಿರನಿದ್ರೆಹೋಗಿದ್ದರು.

ಅಕ್ಕ ಈ ಕಥೆಯನ್ನು ನಗುನಗುತ್ತಲೇ ಹೇಳುತ್ತಿದ್ದರು. ಎಸ್ತೇರಬಾಯಿಯ ದನಿಯನ್ನು ಅಣಕಿಸಿ ನಮ್ಮನ್ನು ಹೊಟ್ಟೆ ಹಿಡಿದು ನಗಿಸುತ್ತಿದ್ದರು. ಹಿರಿಯರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಆದರೆ ಒಮ್ಮೆ ನಾನು, ಬೆಂಚಿನ ಬಗ್ಗೆ ನಿಮಗೆ ಈಗಲೂ ಬೇಸರವಿದೆಯೇ ಎಂದು ಕೇಳಿದಾಗ, “ಬೆಂಚು ಹೋಗ್ಲಿ ಬಿಡು, ತಬಿಥಾ. ಆ ಮಳೆಗಾಲ ಯಾರಾದ್ರೂ ತಂದು ಕೊಟ್ರ ಸಾಕಿತ್ತು. ನಮ್ಮವ್ವ ಇದ್ಲು, ನಾನೂ ಇದ್ದೆ, ಜಾಗಾನೂ ಇತ್ತು” ಎಂದರು.

ಪ್ರಿಯರೇ, ನಿಮ್ಮ ಕಾಲದಲ್ಲಿ ಇಂಥವರಿಗೆ ಲಿಂಗತ್ವ ಅಲ್ಪಸಂಖ್ಯಾತರು ಎನ್ನುತ್ತಿದ್ದರೆಂದು ಓದಿದ್ದೇನೆ. ನೀವು ಸಭೆಯಲ್ಲಿ ಚರ್ಚಿಸುತ್ತೀರಿ, ವೇದವಾಕ್ಯಗಳನ್ನು ತೂಗಿ ನೋಡುತ್ತೀರಿ, ಸಮಿತಿಗಳನ್ನು ಮಾಡುತ್ತೀರಿ, ಅವೆಲ್ಲ ಬೇಕು. ನಿಮ್ಮ ಶ್ರದ್ಧೆಯ ಫಲವನ್ನೇ ನಾನು ಇಲ್ಲಿ ಉಣ್ಣುತ್ತಿದ್ದೇನೆ. ನನ್ನ ಬೇಡಿಕೆ ಮಾತ್ರ ಸಣ್ಣದು. ಗೌರವದ ಹೆಸರಿನಲ್ಲಿ ಅವರನ್ನು ಬೇರೆ ಕೂರಿಸಬೇಡಿರಿ. ತೀರ್ಮಾನವಾಗುವವರೆಗೆ ಕಾಯೋಣವೆಂದೂ ಅನ್ನಬೇಡಿರಿ. ನೀವು ಕಾಯುವಾಗ ತಾಯಂದಿರು ಮುದುಕಿಯರಾಗುತ್ತಿರುತ್ತಾರೆ.

ನಿಮ್ಮ ಸಭೆಯಲ್ಲಿ ಬರುವುದನ್ನು ಬಿಟ್ಟವರು ಯಾರೆಂದು ನಿಮಗೆ ಗೊತ್ತಿದೆ. ಅವರ ಮನೆಯ ದಾರಿಯೂ ಗೊತ್ತಿದೆ. ನಾವು ಕಳೆದುಕೊಂಡ ಭಾನುವಾರಗಳು ನಿಮ್ಮಲ್ಲಿ ಇನ್ನೂ ಉಳಿದಿವೆ. ಈ ಕಾಗದವನ್ನು ಮಡಿಚಿಟ್ಟು, ಈಗಲೇ ಹೋಗಿ ಕರೆಯಿರಿ.

ನಿಮ್ಮನ್ನು ಕಾಣದೆಯೂ ಪ್ರೀತಿಸುವ,
ತಬಿಥಾ ಟೀಚರ್